ಫೋಟೋ, ಸೌಂಡ್ ಮೇಲೆ ಕೋಡ್ ಬರೆಯೋಕೆ ಗಣಿತ ಎಷ್ಟು ಬೇಕು?

ಪ್ರಶ್ನೆ: ಪೈಥಾನ್‌ನಲ್ಲಿ ವೇರಿಯಬಲ್, ಇಫ್, ಫಾರ್ ಲೂಪ್ ಕಲಿತಿದ್ದೇನೆ. ಫೋಟೋ, ಸೌಂಡ್ ಇಟ್ಟುಕೊಂಡು ಏನಾದರೂ ಮಾಡುವ ಆಸೆ. ಆದರೆ ನಾನು ಪಿಯುಸಿಯಲ್ಲಿ ಕಾಮರ್ಸ್. ಮೊದಲು ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಕಲಿಯಬೇಕಾ?

ಉತ್ತರ: ಬೇಡ. ಕೂಡಿಸು, ಕಳೆ, ಗುಣಿಸು, ಭಾಗಿಸು ಬಂದರೆ ಸಾಕು. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫೋಟೋ ಅಂದರೆ ಪಿಕ್ಸೆಲ್‌ಗಳು, ಅಂದರೆ ಚಿಕ್ಕ ಚಿಕ್ಕ ಬಣ್ಣದ ಚುಕ್ಕೆಗಳು. ಒಂದೊಂದು ಪಿಕ್ಸೆಲ್‌ನಲ್ಲೂ ಮೂರು ಸಂಖ್ಯೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರ ಒಳಗೆ. ನೆಗೆಟಿವ್ ಬೇಕಾ? 255ರಿಂದ ಆ ಸಂಖ್ಯೆ ಕಳೆಯಿರಿ. ಕುಂಕುಮದ ಒಂದು ಪಿಕ್ಸೆಲ್ 200, 30, 40 ಇದ್ದರೆ 55, 225, 215 ಆಗುತ್ತದೆ. ಕೆಂಪು ಹೋಗಿ ತಿಳಿ ಹಸಿರುನೀಲಿ. ಇದನ್ನೇ ಲೂಪ್ ಹಾಕಿ ಎಲ್ಲ ಪಿಕ್ಸೆಲ್‌ಗೂ ಮಾಡಿದರೆ ಕೆಲಸ ಮುಗಿಯಿತು. ಇದರಲ್ಲಿ ಕ್ಯಾಲ್ಕುಲಸ್ ಎಲ್ಲಿದೆ ಹೇಳಿ?

"ಅದು ಸುಲಭದ್ದು, ಬ್ಲ್ಯಾಕ್ ಅಂಡ್ ವೈಟ್ ಮಾಡೋದು ಕಷ್ಟ ಅಲ್ವಾ?" ಅನ್ನುತ್ತಾರೆ. ಸರಿ, ಅದನ್ನೂ ನೋಡೋಣ. ಮೂರೂ ಸಂಖ್ಯೆ ಕೂಡಿಸಿ ಮೂರರಿಂದ ಭಾಗಿಸೋದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅಪ್ಪಟ ಹಸಿರು ಸೀರೆ, ಅದಕ್ಕೆ ಅಪ್ಪಟ ಕೆಂಪು ಅಂಚು ಇರುವ ಫೋಟೋ ತಗೊಳ್ಳಿ. ಹಸಿರು 0, 255, 0. ಸರಾಸರಿ 85. ಕೆಂಪು 255, 0, 0. ಅದೂ 85. ಸೀರೆಯ ಅಂಚೇ ಮಾಯ! ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳ್ಳಗೆ, ನೀಲಿ ತುಂಬ ಕಪ್ಪಗೆ ಕಾಣುತ್ತದೆ. ಅದಕ್ಕೇ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸುತ್ತಾರೆ. ಈಗ ಸೀರೆ 150, ಅಂಚು 76. ಅಂಚು ಎದ್ದು ಕಾಣುತ್ತದೆ. ಇಲ್ಲಿ ಬೇಕಾದದ್ದು ದಶಮಾಂಶದ ಗುಣಾಕಾರ, ಮತ್ತೆ ಅಂಚು ಎಲ್ಲಿ ಹೋಯಿತು ಅಂತ ಗಮನಿಸುವ ಕಣ್ಣು. ಎರಡನೆಯದೇ ಮುಖ್ಯ.

ಹೊಸಬರು ನಿಜವಾಗಿ ಎಡವೋದು ಬೇರೆ ಕಡೆ. ಫೋಟೋ ಬೆಳ್ಳಗಾಗಲಿ ಅಂತ ನಂಪೈನಲ್ಲಿ (ಸಂಖ್ಯೆಗಳ ದೊಡ್ಡ ಪಟ್ಟಿಗಳ ಮೇಲೆ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ) ಎಲ್ಲದಕ್ಕೂ 50 ಕೂಡಿಸುತ್ತಾರೆ. ಆಕಾಶದಲ್ಲಿ ಕಪ್ಪು ಕಲೆ ಬೀಳುತ್ತದೆ. 230ಕ್ಕೆ 50 ಸೇರಿದರೆ 280. ಎಂಟು ಬಿಟ್ ಜಾಗದಲ್ಲಿ 255ಕ್ಕಿಂತ ಮೇಲೆ ಹಿಡಿಸಲ್ಲ, ಸುತ್ತು ಹಾಕಿ 24 ಆಗಿಬಿಡುತ್ತದೆ. ಕೂಡಿಸುವ ಮೊದಲು ಅದನ್ನು ದೊಡ್ಡ ಇಂಟಿಜರ್‌ಗೆ ಬದಲಿಸಿ, ಆಮೇಲೆ 255ಕ್ಕೆ ಕಡಿವಾಣ ಹಾಕಿ. ತಪ್ಪಾಗಿದ್ದು ಗಣಿತ ಬರದೇ ಅಲ್ಲ, ಡಬ್ಬದ ಅಳತೆ ಗೊತ್ತಿಲ್ಲದೇ.

ಇದು ನನ್ನೊಬ್ಬನ ಹಟವಲ್ಲ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಗುಜ್ಡಿಯಲ್ 2003ರಲ್ಲಿ ಇಂಥದ್ದೇ ಒಂದು ಕೋರ್ಸ್ ಶುರು ಮಾಡಿದರು. ಅದು ಸಾಹಿತ್ಯ, ಆರ್ಕಿಟೆಕ್ಚರ್, ಮ್ಯಾನೇಜ್‌ಮೆಂಟ್ ಓದುವವರಿಗಾಗಿಯೇ ಮಾಡಿದ್ದು. ಆ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್ ಕಲಿತದ್ದೇ ಫೋಟೋ, ಸೌಂಡ್ ಬದಲಿಸುತ್ತಾ.

ಸೌಂಡ್ ಇನ್ನೂ ಸುಲಭ, ಸಂಖ್ಯೆಗಳ ಒಂದೇ ಒಂದು ಉದ್ದನೆಯ ಪಟ್ಟಿ. ಮೋನೋ (ಒಂದೇ ಚಾನೆಲ್‌ನ) ವೇವ್ ಫೈಲ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಂಖ್ಯೆ, ಒಂದೊಂದೂ -32,768ರಿಂದ 32,767ರ ಒಳಗೆ. ಎರಡರಿಂದ ಗುಣಿಸಿದರೆ ಸದ್ದು ಜೋರು. ಮಿತಿ ದಾಟಿದರೆ ಇಲ್ಲೂ ಅದೇ ಗೋಳು, ಕರಕರ ಅನ್ನುತ್ತದೆ. ಪಟ್ಟಿ ತಿರುಗಿಸಿದರೆ ಮಾತು ಹಿಂದುಮುಂದು. ಒಂದು ಬಿಟ್ಟು ಒಂದು ಸಂಖ್ಯೆ ತೆಗೆದರೆ ಅರ್ಧ ಸಮಯದಲ್ಲಿ ಮುಗಿಯುತ್ತದೆ, ದನಿ ಒಂದು ಸಪ್ತಕ ಮೇಲೇರುತ್ತದೆ. ರೆಕಾರ್ಡಿಂಗ್‌ನಿಂದ ಫ್ಯಾನಿನ ಗುಂಯ್ ಸದ್ದು ಮಾತ್ರ ತೆಗೆಯಬೇಕು ಅಂದಾಗ ಫೂರಿಯರ್ ಬರುತ್ತಾನೆ, ಅಂದರೆ ಸದ್ದನ್ನು ಬೇರೆ ಬೇರೆ ಸ್ವರಗಳಾಗಿ ಬಿಡಿಸುವ ಅವನ ಗಣಿತ. ಬರಲಿ. ಆಗ ಕಲಿಯಿರಿ, ಯಾಕೆ ಬೇಕು ಅಂತ ಗೊತ್ತಿದ್ದು ಕಲಿಯುತ್ತೀರಿ.

ಅಂದ ಹಾಗೆ, ಈ 44,100 ಯಾಕೆ, ಸುಮ್ನೆ 40,000 ಯಾಕಲ್ಲ ಅಂತ ಯಾರೂ ಕೇಳಲ್ಲ. ಕೇಳಬೇಕು! ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಅಳೆಯಬೇಕು. ಅಂದರೆ 40,000ಕ್ಕಿಂತ ಸ್ವಲ್ಪ ಮೇಲೆ. ಸಿಡಿ ಬರುವ ಹೊತ್ತಿಗೆ ಡಿಜಿಟಲ್ ಸೌಂಡನ್ನು ವಿಡಿಯೋ ಟೇಪ್ ಮೇಲೆ, ಚಿತ್ರದ ಗೆರೆಗಳಲ್ಲಿ ಬರೆದಿಡುತ್ತಿದ್ದರು. ಗೆರೆಗೆ ಮೂರು ಸಂಖ್ಯೆ. ಯುರೋಪಿನ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ, ಸಲಕ್ಕೆ 294 ಗೆರೆ: 50 × 294 × 3. ಅಮೆರಿಕ, ಜಪಾನಿನ ಪದ್ಧತಿಯಲ್ಲಿ 60 × 245 × 3. ಗುಣಿಸಿ ನೋಡಿ, ಎರಡೂ 44,100. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲೂ ಅದೇ ಉಳಿಯಿತು.

ವಿಡಿಯೋಗಳ ಸೌಂಡ್ ಮಾತ್ರ ಸಾಮಾನ್ಯವಾಗಿ 48,000. ಅದರ ಸಂಖ್ಯೆಗಳನ್ನು ಹಾಗೇ ತಂದು 44,100 ಅಂತ ಸೇವ್ ಮಾಡಿದರೆ ದನಿ ಸ್ವಲ್ಪ ದಪ್ಪಗಾಗಿ ಎಳೆಯುತ್ತದೆ. ಎರಡು ಫೈಲ್ ಜೋಡಿಸುವ ಮುಂಚೆ ಗೆಟ್‌ಫ್ರೇಮ್‌ರೇಟ್ (ಫೈಲ್‌ನಲ್ಲಿ ಸೆಕೆಂಡಿಗೆ ಎಷ್ಟು ಸಂಖ್ಯೆ ಅಂತ ಹೇಳುವ, ಪೈಥಾನ್‌ನ ವೇವ್ ಮಾಡ್ಯೂಲ್‌ನ ಫಂಕ್ಷನ್) ಪ್ರಿಂಟ್ ಮಾಡಿ ನೋಡಿಕೊಳ್ಳಿ.