ಒಂದು ಸೂಜಿ ಹಾಕಿಸಿದ್ದೆವು, ಆದರೂ ಮರಿ ಉಳಿಯಲಿಲ್ಲ ಏಕೆ?

ಪ್ರಶ್ನೆ: ಗಂಗಾವತಿ ಹತ್ತಿರದ ಕ್ಯಾಂಪಿನಲ್ಲಿ ನಮ್ಮ ಮನೆ. ಕುರಿಗಾಹಿಗಳಿಂದ ತಂದ ನಾಯಿಮರಿಗೆ ಒಂದೂವರೆ ತಿಂಗಳಿಗೇ ಪಾರ್ವೊ (ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಲಸಿಕೆ ಹಾಕಿಸಿದ್ದೆವು. ಮೂರು ವಾರ ಕಳೆಯುವುದರೊಳಗೆ ರಕ್ತಭೇದಿಯಾಗಿ ಸತ್ತುಹೋಯಿತು. ಲಸಿಕೆಯೇ ಸರಿಯಿರಲಿಲ್ಲವೇ?

ಉತ್ತರ: ಓದಿ ಸಂಕಟವಾಯಿತು. ನೀವು ಲಸಿಕೆ ಹಾಕಿಸಿ ಸರಿಯಾದ ಕೆಲಸವನ್ನೇ ಮಾಡಿದ್ದೀರಿ. ಆದರೆ ಮೊದಲ ಸೂಜಿಯನ್ನೇ ನಂಬಿ ಕೂರುವಂತಿಲ್ಲ ಎಂಬುದನ್ನು ಮರಿ ತಂದವರಿಗೆ ಬಿಡಿಸಿ ಹೇಳುವವರು ಕಡಿಮೆ.

ಹುಟ್ಟಿದ ದಿನ ಕುಡಿಯುವ ಗಿಣ್ಣು ಹಾಲಿನ ಮೂಲಕ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಇಳಿಯುತ್ತದೆ. ವಾರಗಳು ಕಳೆದಂತೆ ಅದು ಕರಗುತ್ತಾ ಹೋಗುತ್ತದೆ. ಇರುವಷ್ಟು ದಿನ ಅದು ಲಸಿಕೆಯನ್ನೂ ರೋಗವೆಂದೇ ತಿಳಿದು ಹೊಡೆದುಹಾಕುತ್ತದೆ. ನಡುವೆ ಕೆಲವು ದಿನ ಬರುತ್ತವೆ: ತಾಯಿಯ ರಕ್ಷೆ ನಿಜವಾದ ವೈರಸ್ಸನ್ನು ತಡೆಯಲಾರದಷ್ಟು ಸೊರಗಿರುತ್ತದೆ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಉಳಿದಿರುತ್ತದೆ. ಪಾರ್ವೊ ನುಗ್ಗುವುದು ಹೆಚ್ಚಾಗಿ ಆಗಲೇ. ಆ ದಿನಗಳು ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಆದ್ದರಿಂದಲೇ 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ ಸೂಜಿ ಕೊಡಿಸುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆಯೇ ಹಾಕಿಸಬೇಕು. ನಂತರ ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು. ನಿಮ್ಮ ಮರಿಗೆ ಆಗಿನ್ನೂ ಒಂಬತ್ತು ವಾರ.

ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕೆಂಬುದೂ ನಿಜ. ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಔಷಧ ಅಂಗಡಿಯಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದರೆ ಕೆಟ್ಟಿತೆಂದೇ ತಿಳಿಯಿರಿ. ಐಸ್ ಡಬ್ಬಿ ಒಯ್ಯಿರಿ.

ಈ ರೋಗದ ಮರಿಯೊಂದರ ಪಕ್ಕ ನಾನು ಒಂದು ಇಡೀ ರಾತ್ರಿ ಕುಳಿತಿದ್ದೇನೆ. ನೀರಿನ ಬಟ್ಟಲಿನ ತನಕ ತೆವಳಿ ಬಂದು, ಮೂಗನ್ನು ನೀರಿನ ಮೇಲೆ ಚಾಚಿ, ಕುಡಿಯಲಾಗದೆ ಹಾಗೆಯೇ ತಲೆ ತೂಗಿಸಿಕೊಂಡು ನಿಂತಿತ್ತು. ವೈರಸ್ ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತದೆ, ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಅದನ್ನು ನೇರವಾಗಿ ಕೊಲ್ಲುವ ಮಾತ್ರೆ ಪಶು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ತಗಲದಂತೆ ಆ್ಯಂಟಿಬಯೋಟಿಕ್ ಕೊಟ್ಟು ಮರಿಯನ್ನು ದಾಟಿಸಬೇಕು. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವು ಸಾಯುತ್ತವೆ, ಬೇಗ ಸಿಕ್ಕರೆ ಬಹಳಷ್ಟು ಬದುಕುತ್ತವೆ. ಮರಿ ಮಂಕಾಗಿ ಊಟ ಬಿಟ್ಟು ವಾಂತಿ ಮಾಡಿದರೆ ರಕ್ತ ಕಾಣುವವರೆಗೆ ಕಾಯಬೇಡಿ. ಮೊಸರನ್ನ ತುರುಕುವುದು, ಮನೆಯಲ್ಲಿನ ನೋವಿನ ಮಾತ್ರೆ ಕೊಡುವುದು ಬೇಡವೇ ಬೇಡ.

ಇನ್ನು ನಿಮ್ಮ ಅಂಗಳ. ಮಲದ ಮೂಲಕ ಹೊರಬಿದ್ದ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಫಿನಾಯಿಲ್ ಅದಕ್ಕೆ ನಾಟುವುದಿಲ್ಲ. ಬಂಡೆ ಹಾಸಿದ ಜಾಗದಲ್ಲಿ ಕೊಳೆಯನ್ನು ಪೂರ್ತಿ ತೊಳೆದು, ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣದ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಹಸಿಯಾಗಿಯೇ ಬಿಡಿ. ಮಣ್ಣಿನ ನೆಲಕ್ಕೆ ಇಂಥ ಉಪಾಯ ಫಲಿಸುವುದಿಲ್ಲ. ಹಾಗಾಗಿ ಮುಂದೆ ತರುವ ಮರಿ ಎಲ್ಲ ಸೂಜಿಗಳನ್ನೂ ಮುಗಿಸಿದ ನಂತರವೇ ಆ ಅಂಗಳಕ್ಕೆ ಕಾಲಿಡಲಿ. ಸತ್ತ ಮರಿಯನ್ನು ಆಳವಾಗಿ ಹೂಳಬೇಕು, ಕಾಲುವೆಗೆ ಎಸೆಯಬಾರದು. ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ, ಮಕ್ಕಳ ಬಗ್ಗೆ ಹೆದರಬೇಡಿ.

ಆದರೆ ನಿಮ್ಮ ಚಪ್ಪಲಿಯಲ್ಲಿ ಅದು ಬೇರೆಡೆಗೆ ಹೋಗಬಲ್ಲದು. ಅದೇ ತಾಯಿಯ ಉಳಿದ ಮರಿಗಳು ಆ ಕುರಿಗಾಹಿಗಳ ಹಟ್ಟಿಯಲ್ಲಿದ್ದರೆ ನೀವು ಅಲ್ಲಿಗೆ ಹೋಗಬೇಡಿ. ಇಂದೇ ಫೋನ್ ಮಾಡಿ, ಅವುಗಳನ್ನು ಲಸಿಕೆಗೆ ಕರೆದೊಯ್ಯಲು ಹೇಳಿ.