ಸಮಾಜ ವಿಜ್ಞಾನದ ತರಗತಿಯಲ್ಲಿ ಬಾಹ್ಯಾಕಾಶ: ಪಾಠ ಯೋಜನೆಗೊಂದು ಟಿಪ್ಪಣಿ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಬಾಹ್ಯಾಕಾಶದ ಪಾಠವು ಬಹುಮಟ್ಟಿಗೆ ಮೊದಲಿಗರ ಪಟ್ಟಿಯಾಗಿ ಮುಗಿದುಹೋಗುತ್ತದೆ: ಮೊದಲ ಉಪಗ್ರಹ, ಮೊದಲ ಗಗನಯಾತ್ರಿ, ಚಂದ್ರನ ಮೇಲೆ ಮೊದಲ ಹೆಜ್ಜೆ. ರಾಕೆಟ್ ಹೇಗೆ ಹಾರುತ್ತದೆ ಎಂಬುದನ್ನು ವಿಜ್ಞಾನ ಶಿಕ್ಷಕರು ಕಲಿಸುತ್ತಾರೆ. ಅದನ್ನು ಹಾರಿಸಬೇಕೆಂದು ನಿರ್ಧರಿಸಿದವರು ಯಾರು, ಹಣ ಎಲ್ಲಿಂದ ಬಂತು, ತಲುಪಿದ ಜಾಗ ಯಾರದ್ದು ಎಂಬ ಪ್ರಶ್ನೆಗಳು ನಮ್ಮ ವಿಷಯಕ್ಕೆ ಸೇರಿದವು.

1957ರ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್‌ನಿಂದ ಪಾಠ ಆರಂಭಿಸುವುದು ರೂಢಿ. ಆದರೆ ಒಂದೇ ಅವಧಿ ಸಿಗುವುದಾದರೆ 1961ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಆರಿಸಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ. ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಒಂದು ಸುತ್ತು ಸುತ್ತಿ ಬಂದರು. 17ರಂದು ಅಮೆರಿಕದ ಬೆಂಬಲ ಪಡೆದ ಪಡೆಯೊಂದು ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಇಳಿದು ಕೆಲವೇ ದಿನಗಳಲ್ಲಿ ಸೋತಿತು. 20ರಂದು ಅಧ್ಯಕ್ಷ ಕೆನಡಿಯವರು ಉಪಾಧ್ಯಕ್ಷ ಜಾನ್ಸನ್ ಅವರಿಗೆ ಟಿಪ್ಪಣಿ ಕಳುಹಿಸಿ, ತಾವು ಗೆಲ್ಲಬಹುದಾದ ಬಾಹ್ಯಾಕಾಶ ಕಾರ್ಯಕ್ರಮ ಯಾವುದಾದರೂ ಇದೆಯೇ ಎಂದು ವಿಚಾರಿಸಿದರು. ಮೇ 25ರಂದು, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಮರಳಿ ತರುವ ಗುರಿಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದಿಟ್ಟರು. ಈ ನಾಲ್ಕು ಘಟನೆಗಳನ್ನು ದಿನಾಂಕವಿಲ್ಲದೆ ಚೀಟಿಗಳಲ್ಲಿ ಬರೆದುಕೊಟ್ಟು, ಅವುಗಳನ್ನು ಕ್ರಮವಾಗಿ ಜೋಡಿಸಿ ಕಾರಣ ಹೇಳುವಂತೆ ವಿದ್ಯಾರ್ಥಿಗಳನ್ನು ಕೇಳಬಹುದು.

ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬ ಇತಿಹಾಸದ ಮೂಲಪಾಠ ಇಲ್ಲಿಯೇ ಸಿಗುತ್ತದೆ. ಎಲ್ಲವೂ ಶೀತಲ ಸಮರದ ಪೈಪೋಟಿಯೇ ಎಂದು ತರಗತಿ ತೀರ್ಮಾನಿಸುವ ಹೊತ್ತಿಗೆ ಐದನೆಯ ಚೀಟಿಯನ್ನು ಕೊಡಬೇಕು: 1963ರ ಸೆಪ್ಟೆಂಬರ್ 20ರಂದು ಅದೇ ಕೆನಡಿಯವರು ವಿಶ್ವಸಂಸ್ಥೆಯಲ್ಲಿ ಮಾತನಾಡುತ್ತಾ, ಚಂದ್ರಯಾನವನ್ನು ಸೋವಿಯತ್ ಒಕ್ಕೂಟದೊಂದಿಗೆ ಜಂಟಿಯಾಗಿ ಕೈಗೊಳ್ಳುವ ಸಾಧ್ಯತೆಯನ್ನು ಮುಂದಿಟ್ಟಿದ್ದರು.

ಹಣದ ಪ್ರಶ್ನೆಗೆ ಎರಡು ಸಂಗತಿಗಳು ಸಾಕು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನಾಸಾದ ಪಾಲು ಶೇ. 4ನ್ನು ಮೀರಿತ್ತು, ಅಪೊಲೊ 11 ಹಾರುವ ಮುನ್ನಾದಿನ ನಾಗರಿಕ ಹಕ್ಕುಗಳ ನಾಯಕ ರಾಲ್ಫ್ ಅಬರ್ನಾಥಿಯವರು ಬಡವರ ಪರವಾಗಿ ಉಡಾವಣಾ ಕೇಂದ್ರದ ಬಳಿ ಪ್ರತಿಭಟನೆ ನಡೆಸಿದ್ದರು.

ಪೌರನೀತಿಯ ಭಾಗಕ್ಕೆ 1967ರ ಬಾಹ್ಯಾಕಾಶ ಒಪ್ಪಂದವೇ ತಕ್ಕ ಆಕರ. ಚಂದ್ರನೂ ಸೇರಿದಂತೆ ಬಾಹ್ಯಾಕಾಶದ ಯಾವ ಭಾಗವನ್ನೂ ಯಾವ ರಾಷ್ಟ್ರವೂ ತನ್ನದಾಗಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದರ ಎರಡನೆಯ ವಿಧಿ. ಹೀಗಿದ್ದರೂ 1976ರಲ್ಲಿ ಕೊಲಂಬಿಯಾ, ಎಕ್ವಡಾರ್, ಕೆನ್ಯಾ, ಇಂಡೋನೇಷ್ಯಾ ಮೊದಲಾದ ಸಮಭಾಜಕ ವೃತ್ತದ ದೇಶಗಳು ಬೊಗೋಟಾ ಘೋಷಣೆಯ ಮೂಲಕ, ತಮ್ಮ ನೆತ್ತಿಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿರುವ, ಉಪಗ್ರಹವು ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯ ಭಾಗಗಳು ತಮಗೆ ಸೇರಿದವೆಂದು ಸಾರಿದವು. ಈ ಹಕ್ಕನ್ನು ಇತರ ದೇಶಗಳು ಮಾನ್ಯ ಮಾಡಲಿಲ್ಲ. ಆದರೂ ಇದನ್ನು ವಿಚಿತ್ರ ಬೇಡಿಕೆಯೆಂದು ತಳ್ಳಿಹಾಕದೆ, ಸೀಮಿತ ಕಕ್ಷೆಯನ್ನು ತಂತ್ರಜ್ಞಾನವುಳ್ಳ ದೇಶಗಳೇ ಮೊದಲು ತುಂಬಿಬಿಟ್ಟರೆ ಉಳಿದವರ ಗತಿಯೇನು ಎಂಬ ಆತಂಕವಾಗಿ ಓದಿಸಬೇಕು. ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಇಲ್ಲಿ ಒಟ್ಟಿಗೆ ಬರುತ್ತವೆ.

ಮೌಲ್ಯಮಾಪನಕ್ಕೆ 2015ರ ಅಮೆರಿಕದ ಕಾನೂನು ಒಳ್ಳೆಯ ವಿಷಯ. ಬಾಹ್ಯಾಕಾಶದಲ್ಲಿ ಹೊರತೆಗೆದ ಸಂಪನ್ಮೂಲದ ಮೇಲೆ ತನ್ನ ನಾಗರಿಕರಿಗೂ ಕಂಪನಿಗಳಿಗೂ ಅದು ಒಡೆತನ ಕೊಡುತ್ತದೆ. ನೆಲ ಯಾರದ್ದೂ ಅಲ್ಲದಿರುವಾಗ ಅದರಿಂದ ತೆಗೆದ ಅದಿರು ಒಬ್ಬರದ್ದಾಗಬಹುದೇ ಎಂದು ಕೇಳಿ, ಎರಡನೆಯ ವಿಧಿಯ ಮಾತುಗಳನ್ನೇ ಆಧಾರವಾಗಿಟ್ಟು ಉತ್ತರಿಸಲು ಹೇಳಬೇಕು. ವಿದ್ಯಾರ್ಥಿ ಯಾವ ಪಕ್ಷ ವಹಿಸಿದರೂ ಸರಿಯೇ. ಅಂಕಗಳು ವಾದಕ್ಕೆ ಒಪ್ಪಂದದಿಂದ ಆಧಾರ ಕೊಟ್ಟ ಬಗೆಗೆ ಸಲ್ಲಬೇಕು.