ಮನೆ ಕಂಪ್ಯೂಟರಿಗೆ ಲಿನಕ್ಸ್ ಆಗುತ್ತಾ?

ಮನೆಯಲ್ಲಿದ್ದ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದೆ. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್. ಸ್ವಲ್ಪ ಹೊತ್ತಿಗೆ ಲಿನಕ್ಸ್ ಪರದೆ ಮೂಡಿತು. ಬ್ರೌಸರ್ ಇತ್ತು, ಪತ್ರ ಬರೆಯಲು ಲಿಬ್ರೆಆಫೀಸ್ ಇತ್ತು, ಹಾಡು ಚೆನ್ನಾಗಿ ಕೇಳಿಸಿತು. ವೈಫೈ ಮಾತ್ರ ಇರಲಿಲ್ಲ. ಆ ಚಿಹ್ನೆಯೇ ಕಾಣಲಿಲ್ಲ.

ಲಿನಕ್ಸ್ ಮನೆ ಬಳಕೆಗೆ ತಯಾರಾಗಿದೆಯಾ ಎಂದು ಯಾರಾದರೂ ಕೇಳಿದರೆ ನನಗೆ ಆ ಕಾಣದ ಚಿಹ್ನೆ ನೆನಪಾಗುತ್ತದೆ.

ಕಂಪ್ಯೂಟರಿನ ಒಂದೊಂದು ಬಿಡಿಭಾಗಕ್ಕೂ ಒಂದೊಂದು ಭಾಷೆ. ಅದನ್ನು ಆಪರೇಟಿಂಗ್ ಸಿಸ್ಟಮ್‌ಗೆ ಅರ್ಥ ಮಾಡಿಸುವ ದುಭಾಷಿಯೇ ಡ್ರೈವರ್. ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರುಗಳು ಅದರ ತಿರುಳಾದ ಕರ್ನೆಲ್ ಜೊತೆಗೇ ಬರುತ್ತವೆ. ಅದಕ್ಕೇ ಎಷ್ಟೋ ಹಳೆಯ ವೆಬ್‌ಕ್ಯಾಮ್‌ಗಳು ಸುಮ್ನೆ ಸಿಕ್ಕಿಸಿದರೆ ಸಾಕು, ಕೆಲಸ ಮಾಡುತ್ತವೆ. ಆದರೆ ಬಹಳಷ್ಟು ವೈಫೈ ಚಿಪ್ಪುಗಳಿಗೆ ಡ್ರೈವರ್ ಒಂದೇ ಸಾಲದು. ಚಿಪ್ಪಿನೊಳಗೆ ಹೋಗಿ ಕೂರುವ ಫರ್ಮ್‌ವೇರ್ ಎಂಬ ಪುಟ್ಟ ಪ್ರೋಗ್ರಾಂ ಕೂಡ ಬೇಕು. ಅದರ ಒಳಗುಟ್ಟನ್ನು ಚಿಪ್ ತಯಾರಕರು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಲಿನಕ್ಸಿನ ಹಲವು ರೂಪಗಳಲ್ಲಿ ಒಂದಾದ ಡೆಬಿಯನ್ ಅನ್ನು ರೂಪಿಸುವ, ಎಲ್ಲ ತಂತ್ರಾಂಶವೂ ಮುಕ್ತವಾಗಿರಬೇಕು ಎನ್ನುವ ಬಳಗ ಅಂಥ ಫರ್ಮ್‌ವೇರನ್ನು ತನ್ನ ಮುಖ್ಯ ಇನ್‌ಸ್ಟಾಲರಿನಿಂದ ಬಹುಕಾಲ ಹೊರಗಿಟ್ಟಿತ್ತು. 2023ರಲ್ಲಿ ಬಂದ 12ನೇ ಆವೃತ್ತಿಯಲ್ಲಿ ಒಳಗೆ ಸೇರಿಸಿತು. ತತ್ವದ ವಿಷಯದಲ್ಲಿ ಅಷ್ಟು ಗಟ್ಟಿಯಾಗಿರುವವರು ಮನೆ ಬಳಕೆದಾರರ ಕಷ್ಟ ನೋಡಿ ಒಂದು ಹೆಜ್ಜೆ ಸರಿದು ನಿಂತಿದ್ದು ನನಗೆ ದೊಡ್ಡ ವಿಷಯ.

ನನ್ನ ಯಂತ್ರದಲ್ಲಿ ಆದ ಪೇಚಾಟವೇ ಬೇರೆ. ವೈಫೈ ಬರಲು ಇಂಟರ್ನೆಟ್ಟಿನಿಂದ ಫೈಲ್ ಇಳಿಸಬೇಕು. ಇಂಟರ್ನೆಟ್ ಬರಲು ವೈಫೈ ಬೇಕು! ಕೊನೆಗೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಅದರ ಡೇಟಾ ಬಳಸಿದೆ. ಐದು ನಿಮಿಷದ ಕೆಲಸ. ಆದರೆ ಆ ದಾರಿ ಗೊತ್ತಿಲ್ಲದವರು ಅಲ್ಲೇ ಕೈಬಿಡುತ್ತಾರೆ, ಅಲ್ವಾ?

ಆ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಆ ಕರ್ನೆಲ್, 2017ರಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೆಲ್ಲದರಲ್ಲೂ ಇದೆ. ಫೋನ್ ಕೊಂಡವರು ಯಾರೂ ಡ್ರೈವರ್ ಹುಡುಕುವುದಿಲ್ಲ. ತಯಾರಕರೇ ಎಲ್ಲವನ್ನೂ ಹೊಂದಿಸಿ, ಪರೀಕ್ಷೆ ಮಾಡಿ ಕೊಟ್ಟಿರುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿನ ಸುಖವೂ ಇದೇ. ಲಿನಕ್ಸ್ ಹಾಕುವಾಗ ಮಾತ್ರ ಆ ಹೊಂದಿಸುವ ಕೆಲಸ ನಮ್ಮ ತಲೆಗೆ ಬರುತ್ತದೆ. ಲಿನಕ್ಸ್ ಕಷ್ಟ ಎಂಬ ಮಾತಿನಲ್ಲಿ ಜಾಸ್ತಿ ಪಾಲು ಈ ಮೊದಲ ದಿನದ್ದೇ ಎಂದು ನನಗನಿಸುತ್ತದೆ.

ಆಮೇಲೂ ತೊಡಕುಗಳಿಲ್ಲ ಎಂದಲ್ಲ. ಫೋಟೋಶಾಪ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಮ್ಯಾಕ್ರೋ (ತಾನಾಗಿ ಕೆಲಸ ಮಾಡುವ ಪುಟ್ಟ ಆಜ್ಞೆಗಳು) ತುಂಬಿದ ಎಕ್ಸೆಲ್ ಕಡತಗಳು ಲಿಬ್ರೆಆಫೀಸಿನಲ್ಲಿ ಎಡವಬಹುದು. ವಿಂಡೋಸ್ ಆಟಗಳನ್ನು ಓಡಿಸಲು 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶ ಬಂದ ಮೇಲೆ ಬಹಳ ಸುಧಾರಿಸಿದೆ, ಆದರೂ ಮೋಸ ತಡೆಯುವ ತಂತ್ರಾಂಶ ಇರುವ ಕೆಲವು ಆನ್‌ಲೈನ್ ಆಟಗಳು ಇನ್ನೂ ಒಲ್ಲೆ ಎನ್ನುತ್ತವೆ. ನಿಮ್ಮ ದುಡಿಮೆ ಇಂಥದ್ದೊಂದರ ಮೇಲೆ ನಿಂತಿದ್ದರೆ ವಿಂಡೋಸ್ ಬಿಡಬೇಡಿ.

ಬ್ರೌಸರ್, ವಿಡಿಯೋ, ಪತ್ರವ್ಯವಹಾರ ಇಷ್ಟೇ ಆದರೆ ಧೈರ್ಯವಾಗಿ ಬನ್ನಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂದು ವಿಂಡೋಸ್ 11 ಒಪ್ಪಿಕೊಳ್ಳದ, ಆದರೆ ಗಟ್ಟಿಮುಟ್ಟಾಗಿರುವ ಯಂತ್ರಗಳನ್ನು ಮೂಲೆಗೆ ಎಸೆಯುವುದು ಅನ್ಯಾಯ.

ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ. ವೈಫೈ ನೋಡಿ, ಒಂದು ಪುಟ ಪ್ರಿಂಟ್ ಕೊಡಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ತೆರೆದು, ನಿದ್ದೆಯಿಂದ ಸರಿಯಾಗಿ ಏಳುತ್ತದಾ ನೋಡಿ. ಇನ್‌ಸ್ಟಾಲ್ ಒತ್ತುವವರೆಗೆ ನಿಮ್ಮ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಸರಿಬರದಿದ್ದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ, ಹಳೆ ವಿಂಡೋಸ್ ಇದ್ದ ಹಾಗೇ ಇರುತ್ತದೆ.